ಲೂವೆನ್‌ಗೆ ಹೊರಟ ಮಗಳಿಗೊಂದು ಪತ್ರ

ಸಾಗರ, ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದೆ. ನಿನ್ನ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ. ಬಾಗಿಲು ತಟ್ಟಲು ಧೈರ್ಯ ಬರದೆ ಬರೆಯುತ್ತಿದ್ದೇನೆ. ನಾಡಿದ್ದು ವಿಮಾನ ಹತ್ತುವವಳು ‘ಅತ್ತೆಯನ್ನು ನೋಡಿಕೊಂಡು ಬರ್ತೀನಿ’ ಎಂದರೆ ನಾನು ಹಾಗೆ ಕೂಗಾಡಬಾರದಿತ್ತು. ಅತ್ತೆಗೂ ಚಿಕ್ಕಪ್ಪನಿಗೂ ನಡೆದ ತೋಟದ ಜಗಳ ನಿನಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಮೊದಲ ಮಹಾಯುದ್ಧದ ಪಾಠ ಮಾಡಿದೆ. ಆ ಕಡೆ ಜರ್ಮನಿ, ಆಸ್ಟ್ರಿಯಾ, ಇಟಲಿ. ಈ ಕಡೆ ಫ್ರಾನ್ಸ್, ರಷ್ಯಾ, ಬ್ರಿಟನ್. ಒಬ್ಬರು ಇಳಿದರೆ ಉಳಿದವರೂ ಇಳಿಯಲೇಬೇಕಿತ್ತು ಎಂದು ನೋಟ್ಸ್ ಬರೆಸಿದೆ. ನಿನಗೂ ಬರೆಸಿದ್ದೇನೆ. ಅದು ತಪ್ಪು ಪಾಠ. ಜರ್ಮನಿ, ಆಸ್ಟ್ರಿಯಾ ಜೊತೆಗಿನ ಒಪ್ಪಂದಕ್ಕೆ 1882ರಲ್ಲೇ ಸಹಿ ಹಾಕಿದ್ದ ಇಟಲಿ, 1914ರಲ್ಲಿ ‘ಒಪ್ಪಂದ ಇರುವುದು ರಕ್ಷಣೆಗೆ, ದಾಳಿಗಲ್ಲ’ ಎಂದು ಹೊರಗೇ ನಿಂತಿತು. ಮರುವರ್ಷ ಎದುರು ಪಕ್ಷವನ್ನೇ ಸೇರಿತು ಅನ್ನು. ಆದರೆ ಆ ಆಗಸ್ಟ್‌ನಲ್ಲಿ ಹೊರಗುಳಿಯಲು ಆಗುತ್ತಿತ್ತು.

ನನ್ನ ತಲೆಯಲ್ಲಿ ಈಗ ಕೂತಿರುವುದು 1914ರ ಜುಲೈ 5ರ ಮಧ್ಯಾಹ್ನ. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಅವನ ಹೆಂಡತಿಯ ಕೊಲೆಯಾಗಿ ಒಂದು ವಾರ. ಪಾಟ್ಸ್‌ಡ್ಯಾಮ್ ಅರಮನೆಯಲ್ಲಿ ಆಸ್ಟ್ರಿಯಾದ ರಾಯಭಾರಿಗೆ ಜರ್ಮನಿಯ ಚಕ್ರವರ್ತಿ ಕೈಸರ್ ಊಟ ಹಾಕಿ, ಕೊಲೆಯ ಹೊಣೆ ಹೊರಿಸಿದ್ದ ಸರ್ಬಿಯಾದ ಮೇಲೆ ಏನು ಮಾಡಿದರೂ ಜರ್ಮನಿ ಜೊತೆಗಿದೆ ಎಂದ. ಏನು ಮಾಡುತ್ತೀರಿ, ಎಲ್ಲಿಗೆ ನಿಲ್ಲಿಸುತ್ತೀರಿ ಎಂದು ಕೇಳಲಿಲ್ಲ. ಮರುದಿನ ನಾರ್ವೆಯ ಕಡೆ ಹಡಗಿನ ವಿಹಾರಕ್ಕೆ ಹೊರಟುಹೋದ. ಅದನ್ನೇ ಬ್ಲಾಂಕ್ ಚೆಕ್ ಅನ್ನುವುದು.

ನಿನ್ನ ಚಿಕ್ಕಪ್ಪ ಅಂದು ನಮ್ಮ ಜಗಲಿಯಲ್ಲಿ ಕೂತು ಅಳುವಾಗ ನಾನೂ ಅಂದೆ: ‘ನೀನು ಏನೇ ಮಾಡು, ಅಣ್ಣ ಇದ್ದಾನೆ.’ ಅವನು ಕೋರ್ಟಿಗೆ ಹೋದ.

ಸರ್ಬಿಯಾ ಆಸ್ಟ್ರಿಯಾದ ಬಹುಪಾಲು ಷರತ್ತುಗಳಿಗೆ ಒಪ್ಪಿ ಉತ್ತರ ಕೊಟ್ಟಿದ್ದು ಜುಲೈ 25ಕ್ಕೆ. ಕೈಸರ್ ಅದನ್ನು ಓದಿದ್ದು 28ರ ಬೆಳಿಗ್ಗೆ. ಇನ್ನು ಯುದ್ಧಕ್ಕೆ ಕಾರಣವೇ ಇಲ್ಲ ಎಂದು ಬರೆದಿಟ್ಟ. ಅವತ್ತೇ ಆಸ್ಟ್ರಿಯಾ ಯುದ್ಧ ಸಾರಿತು. ನಿನ್ನ ಅತ್ತೆ ಬರೆದಿದ್ದ ಕಾಗದ ಬೀರುವಿನಲ್ಲಿ ಒಡೆಯದೆ ಇತ್ತು, ಪುಟ್ಟಿ. ಈಗಷ್ಟೇ ಓದಿದೆ. ಎಲ್ಲಕ್ಕೂ ಒಪ್ಪಿದ್ದಳು. ಬಾವಿಯ ನೀರಿನಲ್ಲಿ ಪಾಲು, ಅಷ್ಟೇ ಕೇಳಿದ್ದಳು.

ನೀನು ಹೋಗುವ ಊರು ಇದೇ ಯುದ್ಧದಲ್ಲಿ ಬೆಂದದ್ದು. ಬೆಲ್ಜಿಯಂ ತಟಸ್ಥ ದೇಶ ಎಂದು 1839ರಲ್ಲಿ ದೊಡ್ಡ ದೇಶಗಳೆಲ್ಲ ಸಹಿ ಹಾಕಿದ್ದವು. 1914ರ ಆಗಸ್ಟ್ 4ರಂದು ಜರ್ಮನ್ ಸೈನ್ಯ ಒಳನುಗ್ಗಿತು. ಬರೀ ಒಂದು ಕಾಗದದ ಚೂರಿಗಾಗಿ ಯುದ್ಧವೇ ಎಂದು ಅವರ ಚಾನ್ಸಲರ್ ಬ್ರಿಟಿಷ್ ರಾಯಭಾರಿಯನ್ನು ಕೇಳಿದ. ಆಗಸ್ಟ್ 25ರ ರಾತ್ರಿ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಹೊತ್ತಿ ಉರಿಯಿತು, ಎರಡು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಸಮೇತ. ಬ್ರಿಟನ್ ಇಳಿದಾಗ ಭಾರತವನ್ನು ಯಾರೂ ಕೇಳಲಿಲ್ಲ. ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಈಗಿನ ಇಸ್ರೇಲಿನ ಹೈಫಾದವರೆಗೆ ಹೋಗಿ ಕಾದಿದರು. ಆ ಲೂವೆನ್‌ನಲ್ಲೇ ನೀನು ಓದಲಿದ್ದೀ ಎಂದು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದೇನೆ. ರಾತ್ರಿ ಮಾತ್ರ ನಿದ್ದೆ ಬರುವುದಿಲ್ಲ. ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ ನ್ಯಾಟೋದ ಕಚೇರಿ ನಿನಗೆ ಹತ್ತಿರದ ಬ್ರಸೆಲ್ಸ್‌ನಲ್ಲೇ ಇದೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ಅದರ ಐದನೇ ವಿಧಿಯನ್ನು ನಾಲ್ಕು ಸಲ ಓದಿದೆ. ಯಾವ ರೀತಿ ನೆರವಾಗಬೇಕು ಎಂಬುದನ್ನು ಆಯಾ ದೇಶದ ವಿವೇಚನೆಗೇ ಬಿಟ್ಟಿದ್ದಾರೆ. ಆ ಸಾಲು ಕಂಡು ಸ್ವಲ್ಪ ಸಮಾಧಾನ. ನೀನೂ ಅಲ್ಲಿ ಗೆಳತಿಯರ ಜಗಳದಲ್ಲಿ ‘ನಿನ್ನ ಜೊತೆಗಿದ್ದೇನೆ’ ಅನ್ನುವ ಮುಂಚೆ ‘ಏನು ಮಾಡಬೇಕೆಂದಿದ್ದೀ?’ ಎಂದು ಕೇಳು. ರಾತ್ರಿ ಒಬ್ಬಳೇ ಓಡಾಡಬೇಡ. ಪಾಸ್‌ಪೋರ್ಟಿನ ನಕಲು ಅಮ್ಮನ ಹತ್ತಿರವೂ ಇರಲಿ.

ನಾಳೆ ಅತ್ತೆಯ ಮನೆಗೆ ಹೋಗು. ಬಸ್‌ಸ್ಟ್ಯಾಂಡಿನವರೆಗೆ ನಾನೂ ಬರುತ್ತೇನೆ. ಬಸ್ಸು ಹತ್ತಲು ನನಗೆ ಆಗುತ್ತದೋ ಇಲ್ಲವೋ, ಗೊತ್ತಿಲ್ಲ. ಅವಳ ಕಾಗದವನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ.

ನಿನ್ನ
ಅಪ್ಪ