ಹೆಸರಿಲ್ಲದ ಕಥೆಗೆ ಹೆಸರು ಬರೆಯುವ ಮುನ್ನ

ಕ್ಷೇಮ
ಮೈಸೂರು

ಚಿರಂಜೀವಿ ಮೇಘನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಮಿಷಿಗನ್ನಿನ ನಿಮ್ಮ ಗ್ರಂಥಾಲಯದಲ್ಲಿ 1940ರ ದಶಕದ ಅಮೆರಿಕನ್ ಕಾಮಿಕ್ ಪುಸ್ತಕಗಳಿಗೆ ಕಥೆವಾರು ಸೂಚಿ ತಯಾರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ಓದಿ, ಮೂವತ್ತನಾಲ್ಕು ವರ್ಷ ಕ್ಯಾಟಲಾಗ್ ಕಾರ್ಡುಗಳ ನಡುವೆಯೇ ಬದುಕಿದ ನನಗೆ ಆದ ಸಂತೋಷವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಪತ್ರದ ಕೊನೆಯ ಸಾಲುಗಳು ಮನಸ್ಸನ್ನು ಕೊರೆಯುತ್ತಿವೆ. ಬರೆದವರ ಹೆಸರಿಲ್ಲದ ಹನ್ನೊಂದು ಬ್ಯಾಟ್‌ಮನ್ ಕಥೆಗಳಿಗೆ ಕಥೆಗಾರ ಬಿಲ್ ಫಿಂಗರ್ ಎಂದೇ ತುಂಬಿಬಿಡುತ್ತೇನೆ, ಆ ಮನುಷ್ಯನಿಗಾದ ಅನ್ಯಾಯಕ್ಕೆ ಇದಾದರೂ ಪ್ರಾಯಶ್ಚಿತ್ತವಾಗಲಿ ಎಂದು ಬರೆದಿದ್ದೀಯೆ. ಹಾಗೆ ಮಾಡಬೇಡ ಎನ್ನುವುದಕ್ಕೇ ಈ ಪತ್ರ.

ಅನ್ಯಾಯವಾಗಿಲ್ಲವೆಂದು ನನ್ನ ವಾದವಲ್ಲ. ಬ್ಯಾಟ್‌ಮನ್ ಮೊದಲು ಅಚ್ಚಾದದ್ದು 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸಿನ 27ನೆಯ ಸಂಚಿಕೆಯಲ್ಲಿ. ಚಿತ್ರಕಾರ ಬಾಬ್ ಕೇನ್ ಮೊದಲು ಬರೆದು ತಂದಿದ್ದ ಚಿತ್ರದಲ್ಲಿ ನಾಯಕನಿಗೆ ಕೆಂಪು ಉಡುಪು, ಕಣ್ಣಿಗಷ್ಟೇ ಒಂದು ಪಟ್ಟಿ, ಬೆನ್ನಿಗೆ ಬಿರುಸಾದ ಎರಡು ರೆಕ್ಕೆಗಳಿದ್ದವು. ರೆಕ್ಕೆ ತೆಗೆದು ನಿಲುವಂಗಿ ಹಾಕು, ಮುಖಕ್ಕೆ ಕಿವಿಯುಳ್ಳ ಮುಸುಕು ತೊಡಿಸು, ಬಣ್ಣ ಬೂದು ಇರಲಿ, ಕೈಗೆ ಗವಸಿರಲಿ ಎಂದು ಸೂಚಿಸಿದವರು ಫಿಂಗರ್. ಬ್ರೂಸ್ ವೇಯ್ನ್ ಎಂಬ ಹೆಸರೂ ಗಾಥಮ್ ಎಂಬ ಊರಿನ ಹೆಸರೂ ಅವರದೇ. ಮೊದಲ ಕಥೆಯನ್ನು ಬರೆದವರೂ ಅವರೇ. ಆದರೆ ಪ್ರಕಾಶಕರೊಡನೆ ಕರಾರು ಮಾಡಿಕೊಂಡವರು ಕೇನ್, ಹಾಗಾಗಿ ದಶಕಗಳ ಕಾಲ ಅಚ್ಚಾದದ್ದು ಕೇನ್ ಹೆಸರೊಂದೇ. ಒಬ್ಬನ ಕೈ ಕೆಸರು, ಇನ್ನೊಬ್ಬನ ಬಾಯಿ ಮೊಸರು. 1965ರಲ್ಲಿ ನ್ಯೂಯಾರ್ಕಿನ ಕಾಮಿಕ್ಸ್ ಸಮ್ಮೇಳನವೊಂದರಲ್ಲಿ ಫಿಂಗರ್ ಜನರೆದುರು ಮಾತನಾಡಿದರು. ಬ್ಯಾಟ್‌ಮನ್ ಸೃಷ್ಟಿಯಲ್ಲಿ ಅವರ ಪಾಲೇನೆಂದು ಕಾಮಿಕ್ಸ್ ಅಭಿಮಾನಿ ಜೆರ್ರಿ ಬೇಲ್ಸ್ ಒಂದು ಲೇಖನ ಬರೆದರು. ಅದೇ ಸೆಪ್ಟೆಂಬರಿನಲ್ಲಿ ಕೇನ್ ಬಹಿರಂಗ ಪತ್ರ ಬರೆದು ಎಲ್ಲವನ್ನೂ ಅಲ್ಲಗಳೆದರು. ಅದೇ ಕೇನ್ 1989ರ ತಮ್ಮ ಆತ್ಮಕಥೆಯಲ್ಲಿ ಫಿಂಗರ್‌ಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಒಪ್ಪಿಕೊಳ್ಳುವ ಹೊತ್ತಿಗೆ ಫಿಂಗರ್ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಬ್ಯಾಟ್‌ಮನ್ ಪ್ರಕಾಶಕರಾದ ಡಿಸಿ ಕಂಪನಿ ಅಧಿಕೃತವಾಗಿ ಫಿಂಗರ್ ಹೆಸರು ಸೇರಿಸಿದ್ದು 2015ರಲ್ಲಿ. ಅದೂ ‘ಕೇನ್ ಮತ್ತು ಫಿಂಗರ್’ ಎಂದಲ್ಲ, ‘ಕೇನ್, ಫಿಂಗರ್ ಜೊತೆಗೆ’ ಎಂಬ ಅರ್ಥದಲ್ಲಿ. ಆ ‘ಜೊತೆಗೆ’ ಎಂಬ ಪದವನ್ನು ಯಾರು ಎಷ್ಟು ತೂಗಿ ಇಟ್ಟರೋ ಎಂದು ಸೂಚಿಕಾರನಾದ ನಾನು ಆಗಾಗ ಯೋಚಿಸುತ್ತೇನೆ.

ಇಷ್ಟೆಲ್ಲ ನಿಜವಾದರೂ, ಪಾತ್ರವನ್ನು ಸೃಷ್ಟಿಸಿದವರು ಯಾರು ಎಂಬುದು ಒಂದು ಪ್ರಶ್ನೆ, ನಿನ್ನ ಮೇಜಿನ ಮೇಲಿರುವ ಈ ಹದಿಮೂರು ಪುಟದ ಕಥೆಯನ್ನು ಬರೆದವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಬ್ಯಾಟ್‌ಮನ್ ಹುಟ್ಟಿದ ಎರಡೇ ತಿಂಗಳಿಗೆ, 29ನೆಯ ಸಂಚಿಕೆಯ ಕಥೆಯನ್ನು ಬರೆದವರು ಗಾರ್ಡ್ನರ್ ಫಾಕ್ಸ್. ಆಮೇಲೆ ಡಾನ್ ಕ್ಯಾಮರಾನ್ ಬರೆದರು, ಆಲ್ವಿನ್ ಶ್ವಾರ್ಟ್ಸ್ ಬರೆದರು, 1946ರಿಂದ ಎಡ್ಮಂಡ್ ಹ್ಯಾಮಿಲ್ಟನ್ ಕಂಪನಿಗೆ ಬರೆಯತೊಡಗಿ ಬ್ಯಾಟ್‌ಮನ್ ಕಥೆಗಳನ್ನೂ ಬರೆದರು. ಇವರ ಹೆಸರುಗಳೂ ಅಂದು ಅಚ್ಚಾಗಲಿಲ್ಲ. ಫಿಂಗರ್ ಮೇಲಿನ ಕರುಣೆಯಿಂದ ನೀನು ಹನ್ನೊಂದಕ್ಕೆ ಹನ್ನೊಂದನ್ನೂ ಅವರಿಗೆ ಬರೆದರೆ, ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗಾಗುತ್ತದೆ. ಕೇನ್ ಹೆಸರಿನಡಿ ಒಮ್ಮೆ ಹೂತುಹೋದ ಕ್ಯಾಮರಾನ್ ಈಗ ಫಿಂಗರ್ ಹೆಸರಿನಡಿ ಇನ್ನೊಮ್ಮೆ ಹೂತುಹೋಗುತ್ತಾರೆ.

ಈ ತಪ್ಪನ್ನು ನಾನು ಮಾಡಿದ್ದೇನೆ, ಅದರಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಮುಖಪುಟ ಹರಿದ ಕೀರ್ತನೆಗಳ ಪುಸ್ತಕವೊಂದು ನನ್ನ ಮೇಜಿಗೆ ಬಂತು. ಎರಡು ಪದಪ್ರಯೋಗಗಳನ್ನು ನೋಡಿ, ಇದು ಇಂಥವರದೇ ಎಂದು ನನಗೆ ಖಾತ್ರಿಯಾಯಿತು. ಪುಸ್ತಕದಲ್ಲಿಲ್ಲದ ಮಾಹಿತಿಯನ್ನು ಚೌಕ ಕಂಸದೊಳಗೆ ಬರೆಯಬೇಕು, ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ನಮ್ಮ ಟೈಪ್‌ರೈಟರಿನಲ್ಲಿ ಆ ಕಂಸವಿರಲಿಲ್ಲ, ಕಾರ್ಡು ಹೊರತೆಗೆದ ಮೇಲೆ ಪೆನ್ನಿನಲ್ಲಿ ಬರೆಯಬೇಕಿತ್ತು, ಅಂದು ಬರೆಯಲಿಲ್ಲ, ಅಷ್ಟೇ. ಹನ್ನೆರಡು ವರ್ಷದ ಮೇಲೆ ಸಂಶೋಧಕರೊಬ್ಬರು ಮುಖಪುಟವಿರುವ ಪ್ರತಿಯೊಂದನ್ನು ಹಿಡಿದು ಬಂದು, ಏನೂ ಮಾತನಾಡದೆ ನನ್ನ ಕಾರ್ಡಿನ ಪಕ್ಕದಲ್ಲಿಟ್ಟರು. ಕಾರ್ಡನ್ನು ಅಂದೇ ತಿದ್ದಿದೆ. ಆದರೆ ಅಷ್ಟರಲ್ಲಿ ಅದು ಎರಡು ಗ್ರಂಥಸೂಚಿಗಳಿಗೆ ನಕಲಾಗಿತ್ತು, ಅವುಗಳಿಂದ ಒಂದು ಪ್ರೌಢ ಪ್ರಬಂಧಕ್ಕೂ ಹೋಗಿತ್ತು.

ಹಾಗಾದರೆ ಯಾವುದನ್ನು ಆಧಾರವೆನ್ನಬೇಕು ಎಂದು ಕೇಳುತ್ತೀಯೆ. ಅಂದಂದೇ ಬರೆದಿಟ್ಟ ಲೆಕ್ಕಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಡೆಲ್ ಕಂಪನಿಯ ಟಾರ್ಜನ್ ಮೊದಲಾದ ಕಾಮಿಕ್ಸಿಗೆ ರಾಶಿ ರಾಶಿ ಕಥೆ ಬರೆದ ಗೇಲಾರ್ಡ್ ಡುಬಾಯ್ ಎಂಬವರು ತಾವು ಬರೆದದ್ದನ್ನೆಲ್ಲ ಲೆಕ್ಕದ ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಅವರ ಹೆಸರು ಕಥೆಗಳ ಮೇಲೆ ಇರಲಿಲ್ಲ, ಆದರೆ ಇಂದು ಅವರ ಪಟ್ಟಿಯ ಬಗ್ಗೆ ಜಗಳವೂ ಅಷ್ಟಾಗಿ ಇಲ್ಲ. ಕೀರ್ತಿಗಾಗಿ ಅಲ್ಲ, ಬರಬೇಕಾದ ದುಡ್ಡಿನ ಲೆಕ್ಕಕ್ಕಾಗಿ ಬರೆದ ಪುಸ್ತಕವಾದ್ದರಿಂದಲೇ ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಇಟ್ಟಿದ್ದ ಸಂಭಾವನೆಯ ದಾಖಲೆಗಳೂ, ಒರೆಗಾನ್ ವಿಶ್ವವಿದ್ಯಾಲಯಕ್ಕೆ ಸೇರಿದ ಗಾರ್ಡ್ನರ್ ಫಾಕ್ಸರ ಕಾಗದಪತ್ರಗಳೂ ಇದೇ ಜಾತಿಯವು. ಮೊದಲು ಅಲ್ಲಿ ಹುಡುಕು.

ನೆನಪು ಅದಕ್ಕಿಂತ ಕೆಳಗಿನದು. ಜೋಕರ್ ಪಾತ್ರವನ್ನೇ ನೋಡು. 1940ರಲ್ಲಿ ಬಂದ ಆ ಒಂದು ಪಾತ್ರದ ಹುಟ್ಟಿನ ಬಗ್ಗೆ ಕೇನ್, ಫಿಂಗರ್, ಕೇನ್‌ರ ಸಹಾಯಕ ಚಿತ್ರಕಾರ ಜೆರ್ರಿ ರಾಬಿನ್ಸನ್ ಮೂವರ ನೆನಪೂ ಮೂರು ದಾರಿ ಹಿಡಿಯುತ್ತದೆ. ಇಸ್ಪೀಟಿನ ಎಲೆ ಬರೆದು ತಂದವನು ನಾನೇ ಎನ್ನುತ್ತಾರೆ ರಾಬಿನ್ಸನ್. ನಟ ಕಾನ್ರಾಡ್ ವೈಟ್ ಹಲ್ಲು ಕಿಸಿದು ನಿಂತ ಫೋಟೋ ತಂದವರು ಫಿಂಗರ್ ಎಂಬುದನ್ನು ಉಳಿದವರೂ ಒಪ್ಪುತ್ತಾರೆ. ಆದರೆ ಯಾವುದು ಮೊದಲು ಬಂತು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಯಾರೂ ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಬೇಕಾಗಿಲ್ಲ. ನಲವತ್ತು ವರ್ಷ ಒಂದೇ ಕಥೆ ಹೇಳಿದ ಮೇಲೆ ಹೇಳುವವನಿಗೂ ಅದೇ ನಿಜವಾಗಿಬಿಡುತ್ತದೆ.

ಎಲ್ಲಕ್ಕಿಂತ ಜಾರುವ ನೆಲ ಶೈಲಿಯದು, ನೀನು ನಿಂತಿರುವುದೂ ಅಲ್ಲಿಯೇ. ಕಥೆಯ ಕೊನೆಯ ಹೊಡೆದಾಟ ದೈತ್ಯ ಗಾತ್ರದ ಟೈಪ್‌ರೈಟರಿನ ಮೇಲೆ ನಡೆಯುತ್ತದೆ, ಹಾಗಾಗಿ ಅದು ಫಿಂಗರ್ ಬರೆದದ್ದು ಎಂದಿದ್ದೀಯೆ. ಅಂಥ ದೈತ್ಯ ವಸ್ತುಗಳು ಅವರಿಗೆ ಪ್ರಿಯವಾಗಿದ್ದುದು ಹೌದು. ಆದರೆ ಓದುಗರಿಗೆ ಹಿಡಿಸಿದ್ದನ್ನು ಇನ್ನೊಬ್ಬ ಬರಹಗಾರನೂ ಬರೆಯುತ್ತಾನೆ, ಅದನ್ನೇ ಬರೆಯೆಂದು ಸಂಪಾದಕನೂ ಕೇಳುತ್ತಾನೆ, ಬರೆದು ತಂದ ಮಾತುಗಳನ್ನು ತಿದ್ದಿಯೂ ತಿದ್ದುತ್ತಾನೆ. ಡಿಸ್ನಿಯ ಬಾತುಕೋಳಿ ಕಥೆಗಳಲ್ಲಿ ಹೆಸರೇ ಇಲ್ಲದ ಕಾರ್ಲ್ ಬಾರ್ಕ್ಸರನ್ನು ಓದುಗರು ‘ಒಳ್ಳೆಯ ಬಾತುಕೋಳಿ ಚಿತ್ರಕಾರ’ ಎಂದು ಗುರುತು ಹಿಡಿದದ್ದು ನಿಜ, ಆದರೆ ಅವರು ಗುರುತಿಸಿದ್ದು ಮೊದಲಿಗೆ ಗೆರೆಯನ್ನು. ಗೆರೆ ಕೈಬರಹದಂತೆ, ಮಾತಿನ ಗುಳ್ಳೆಯೊಳಗಿನ ಮೂರು ಪದ ಯಾರ ಬಾಯಿಂದಲೂ ಬಂದಿರಬಹುದು.

ಅಚ್ಚಾದ ಹೆಸರನ್ನೂ ಕಣ್ಣುಮುಚ್ಚಿ ನಂಬಬೇಡ. ವಂಡರ್ ವುಮನ್ ಕಥೆಗಳ ಮೇಲೆ ಚಾರ್ಲ್ಸ್ ಮೌಲ್ಟನ್ ಎಂದಿರುತ್ತದೆ. ಅದು ವಿಲಿಯಂ ಮೌಲ್ಟನ್ ಮಾರ್ಸ್ಟನ್ನರ ಗುಪ್ತನಾಮ. ಆದರೆ 1944ರಿಂದ 1947ರವರೆಗೆ ಆ ಹೆಸರಿನಡಿ ಎಪ್ಪತ್ತಕ್ಕೂ ಹೆಚ್ಚು ಕಥೆ ಬರೆದವಳು ಅವರ ವಿದ್ಯಾರ್ಥಿನಿಯಾಗಿದ್ದ ಜಾಯ್ ಹಮೆಲ್, ಕೆಲಸಕ್ಕೆ ಸೇರಿದಾಗ ನಿನಗಿಂತಲೂ ಚಿಕ್ಕವಳು. ಆಕೆಗೆ 2018ರಲ್ಲಿ ಸಂದದ್ದು ಬಿಲ್ ಫಿಂಗರ್ ಹೆಸರಿನ ಪ್ರಶಸ್ತಿಯೇ ಎಂಬುದು ನಿನಗೆ ಇಷ್ಟವಾಗುವ ಸಂಗತಿ.

ಮುಂದೆ 1960ರ ದಶಕದ ಮಾರ್ವೆಲ್ ಕಂಪನಿಯ ಕಾಮಿಕ್ಸ್ ಪೆಟ್ಟಿಗೆ ನಿನ್ನ ಕೈಗೆ ಬಂದಾಗ ‘ಬರೆಯುವುದು’ ಎಂಬ ಪದವೇ ಕೈಕೊಡುತ್ತದೆ. ಅಲ್ಲಿ ಸಂಪಾದಕ ಸ್ಟಾನ್ ಲೀ ಕಥೆಯ ಎಳೆಯೊಂದನ್ನು ಮಾತಾಡಿಕೊಳ್ಳುವುದು, ಚಿತ್ರಕಾರ ಜ್ಯಾಕ್ ಕರ್ಬಿ ಅದನ್ನು ಪುಟಗಟ್ಟಲೆ ಚಿತ್ರವಾಗಿ ಬೆಳೆಸುವುದು, ಆಮೇಲೆ ಲೀ ಮಾತು ತುಂಬುವುದು ರೂಢಿಯಾಗಿತ್ತು. ಮೂಲ ಹಾಳೆಗಳ ಅಂಚಿನಲ್ಲಿ ಕರ್ಬಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು ಇಂದಿಗೂ ಕಾಣುತ್ತವೆ: ಈ ಚೌಕದಲ್ಲಿ ಏನಾಗುತ್ತಿದೆ, ಯಾರು ಏನು ಹೇಳುತ್ತಿದ್ದಾರೆ ಎಂದು. ಕಥೆ ಹೆಣೆದವರೂ ತಾವೇ ಎಂದು ಹಟ ಹಿಡಿದ ಚಿತ್ರಕಾರ ಸ್ಟೀವ್ ಡಿಟ್ಕೊಗೆ 1965ರಲ್ಲಿ ಸ್ಪೈಡರ್‌ಮನ್ ಪುಟದಲ್ಲೇ ಆ ಮನ್ನಣೆ ಸಿಕ್ಕಿತು. ಕರ್ಬಿಯ ವಿಷಯದಲ್ಲಿ ಒಂದು ಪಕ್ಷ ಹಿಡಿಯುವ ಆಸೆ ನಿನಗೆ ಬಂದೇ ಬರುತ್ತದೆ, ನನಗೂ ಬಂದಿದೆ. ಸೂಚಿಯಲ್ಲಿ ಮಾತ್ರ ಅಚ್ಚಾದದ್ದನ್ನು ಅಚ್ಚಾದಂತೆಯೇ ಕೊಟ್ಟು, ಅಂಚಿನ ಟಿಪ್ಪಣಿಯನ್ನು ಪ್ರತ್ಯೇಕವಾಗಿ ದಾಖಲಿಸು.

ಈಗ ಆ ಹನ್ನೊಂದು ಕಥೆಗಳನ್ನು ಮತ್ತೆ ತೆಗೆ. ಲಿಖಿತ ಆಧಾರ ಸಿಕ್ಕಿದ್ದಕ್ಕೆ ಹೆಸರು ಹಾಕಿ, ಆಧಾರ ಯಾವುದೆಂದೂ ಪಕ್ಕದಲ್ಲಿ ನಮೂದಿಸು. ಟೈಪ್‌ರೈಟರಿನ ಕಥೆಗೆ ಚೌಕ ಕಂಸ, ಒಳಗೆ ಫಿಂಗರ್, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಉಳಿದವನ್ನು ಖಾಲಿ ಬಿಡಲು ಸಂಕೋಚಪಡಬೇಡ. ಎಷ್ಟು ಖಾಲಿ ಉಳಿದವೆಂದು ಮುಂದಿನ ಪತ್ರದಲ್ಲಿ ಬರೆ. ನಿನ್ನ ಕೀಲಿಮಣೆಯಲ್ಲಿ ಆ ಕಂಸ ಇದ್ದೇ ಇರುತ್ತದೆ.

ಇತಿ ನಿನ್ನ ಪ್ರೀತಿಯ ದೊಡ್ಡಪ್ಪ