ಮಲೆನಾಡಿನ ಚಿತ್ರದಲ್ಲಿ ಕರೆಂಟ್ ಕಂಬವೂ ಇರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ನಿಸರ್ಗ ಚಿತ್ರಗಳ ಕಲಾವಿದರೊಬ್ಬರ ಬಗ್ಗೆ ಬಂದ ಲೇಖನ ಓದಿದೆ. ಹಳ್ಳಿ, ಕಡಲತೀರ ಅಂತ ಸುತ್ತಾಡಿ ಬಿಡಿಸಿದ ಜಲವರ್ಣ ಚಿತ್ರಗಳು ಚೆನ್ನಾಗಿವೆ, ಎರಡು ಮಾತಿಲ್ಲ. ಹೊನ್ನಾವರದ ಅಳಿವೆಯ ದೋಣಿಗಳನ್ನಂತೂ ತುಂಬ ಹೊತ್ತು ನೋಡಿದೆ, ನಮ್ಮ ಶರಾವತಿ ಸಮುದ್ರ ಸೇರುವುದು ಅಲ್ಲೇ ಅಲ್ವಾ. ಆದರೆ ಮಲೆನಾಡಿನ ಚಿತ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಒಂದು ಹೆಂಚಿನ ಮನೆ, ಸುತ್ತ ಹಸಿರು, ಹಿಂದೆ ಮಂಜು, ಅಷ್ಟೇ. ಕರೆಂಟ್ ಕಂಬ ಇಲ್ಲ, ಅಂಗಳದಲ್ಲಿ ಬೈಕ್ ಇಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. 'ಪ್ರಶಾಂತ' ಅಂತ ಲೇಖನದಲ್ಲಿ ಹೊಗಳಿದ್ದೂ ಇದನ್ನೇ.

ನಾನು ಅಡಿಕೆ ಬೆಳೆಗಾರ. ಮಳೆಗಾಲದಲ್ಲಿ ನಮ್ಮ ತೋಟ ಬರೀ ಹಸಿರಾಗಿರುವುದಿಲ್ಲ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದ ಮೇಲೆ ಅಡಿಕೆ ಕೊನೆ, ಮರದ ಮೈ, ಕೆಳಗಿನ ಏಲಕ್ಕಿ ಎಲೆ ಎಲ್ಲದರ ಮೇಲೂ ಮೈಲುತುತ್ತದ ತಿಳಿ ನೀಲಿ ಕೂತಿರುತ್ತದೆ, ನಡುವೆ ಒಂದು ಗಳಿಗೆ ಬಿಸಿಲು ಇಣುಕಿದರೆ ಇಡೀ ತೋಟದ ಬಣ್ಣವೇ ಬೇರೆ. ಅದನ್ನು ಯಾರೂ ಬಿಡಿಸಿದ್ದು ನಾನು ನೋಡಿಲ್ಲ. ಜುಲೈಯಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಣ್ಣ ಬಳಿದ ಹಾಳೆ ಎಲ್ಲಿ ಒಣಗೀತು, ಅದಕ್ಕೇ ಕಲಾವಿದರು ಮಳೆ ನಿಂತ ಮೇಲೆ ಬರುತ್ತಾರೆ. ಒಪ್ಪಿದೆ.

ಆದರೆ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಚಿತ್ರಕ್ಕೆ ಆ ನೆಪವೂ ಇಲ್ಲ. 1964ರಲ್ಲಿ ಅಣೆಕಟ್ಟು ಮುಗಿದು ಊರೂರೇ ಮುಳುಗಿದ ನೀರು ಅದು. ಬೇಸಿಗೆಯಲ್ಲಿ ನೀರು ಇಳಿದರೆ ಸತ್ತ ಮರಗಳ ಬೊಡ್ಡೆ ಮೇಲೇಳುತ್ತವೆ. ಬಸ್ಸು, ಜೀಪು, ಸಿಗಂದೂರಿಗೆ ಹೊರಟ ಜನ ಎಲ್ಲರನ್ನೂ ಹೇರಿಕೊಂಡು ಲಾಂಚ್ ಓಡಾಡುತ್ತಿದ್ದದ್ದೂ ಅಲ್ಲೇ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು, ಹಿನ್ನೀರಿನ ಆಚೆ ದಡದ ತುಮರಿ ಕಡೆಯವರ ಕಷ್ಟ ಕಳೆಯಿತು, ಸಂತೋಷವೇ. ಲಾಂಚಿನ ಫೋಟೊ ಬೇಕಾದಷ್ಟು ಸಿಗುತ್ತವೆ, ಬಿಡಿ. ಆದರೆ ಈ ಚಿತ್ರಗಳಲ್ಲಿ ಲಾಂಚೂ ಇಲ್ಲ, ಬೊಡ್ಡೆಯೂ ಇಲ್ಲ, ಸುಮ್ನೆ ನೀಲಿ ನೀರು.

ರುಮಾಲೆ ಚನ್ನಬಸವಯ್ಯ (1910-1988) ಬೆಂಗಳೂರಿನ ಬೀದಿ ಬದಿಯ ಹೂಮರಗಳನ್ನು ಬಿಡಿಸಿದರು. ಆಗಿನ ಬೆಂಗಳೂರಿನ ಬಣ್ಣ ನೋಡಬೇಕೆಂದರೆ ಈಗ ಅವರ ಚಿತ್ರಗಳ ಮುಂದೆಯೇ ನಿಲ್ಲಬೇಕು. ನಮ್ಮ ಕಡೆಗೂ ಅಂಥವರೊಬ್ಬರು ಬೇಕು ಅನ್ನುವುದು ನನ್ನ ಆಸೆ.

ಲೇಖನದ ಕಲಾವಿದರಿಗೆ ಈ ಪತ್ರ ತಲುಪಿಸಿದರೆ ಉಪಕಾರ. ಅವರು ಜುಲೈಯಲ್ಲೇ ಬರಲಿ. ಕೂರಲು ನಮ್ಮ ಜಗುಲಿ ಇದೆ, ಹಾಳೆ ಒಣಗಿಸಲು ಬಚ್ಚಲೊಲೆಯೂ ಇದೆ.

— ಒಬ್ಬ ಓದುಗ, ಸಾಗರ ತಾಲ್ಲೂಕು