ಅಜ್ಜನ ಹಲಸಿನ ಮೇಜು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿಯೇ ಗಾಬರಿಯಾಯಿತು. "ಅಪ್ಪಾ, ಅಜ್ಜನ ಮೇಜು ಉಜ್ಜಿದೆ. ಒಳಗಿಂದ ಹಳದಿ ಬಂತು. ಹಾಳು ಮಾಡಿಬಿಟ್ಟೆನಾ?" ಅಂದೆಯಲ್ಲ, ಏನೂ ಹಾಳಾಗಿಲ್ಲ ಮಗಳೇ. ಅದು ಹಲಸಿನ ಮರ. ಕೊಯ್ದ ಹೊಸದರಲ್ಲಿ ಅರಿಸಿನದ ಹಾಗೆ ಹಳದಿ ಇರುತ್ತದೆ. ಗಾಳಿ ಬೆಳಕು ತಾಗಿ ತಾಗಿ ವರ್ಷಗಳ ಮೇಲೆ ಕೆಂಪುಗಂದು ಆಗುತ್ತದೆ. ಎಣ್ಣೆ ಕುಡಿದ ಕೂಡಲೇ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಉಳಿದದ್ದು ತಾನಾಗಿ ಬರುತ್ತದೆ, ಅವಸರ ಬೇಡ.

ಒರಟು ಕಾಗದ ಇನ್ನು ಸಾಕು. 220 ನಂಬರಿನ ಸ್ಯಾಂಡ್‌ಪೇಪರ್ ತಗೊಂಡು ಮರದ ಎಳೆ ಹೋದ ದಿಕ್ಕಿಗೇ ಮೆಲ್ಲಗೆ ಉಜ್ಜು. ಅಡ್ಡ ಗೀರು ಈಗ ಕಾಣುವುದಿಲ್ಲ, ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ. ಬಲಗಡೆಯ ಅಂಚು ಸವೆದು ನುಣ್ಣಗಾಗಿದೆ, ನೋಡಿದೆಯಾ? ಅಜ್ಜ ಅಡಿಕೆ ಲೆಕ್ಕ ಬರೆಯುವಾಗ ಮೊಣಕೈ ಊರುತ್ತಿದ್ದ ಜಾಗ ಅದು. ಅದನ್ನು ಸಮ ಮಾಡಲು ಹೋಗಬೇಡ.

ತೆಂಗಿನೆಣ್ಣೆ ಮಾತ್ರ ಹಚ್ಚಲೇಬೇಡ. ಒಮ್ಮೆ ನಾನು ಜಗಲಿಯ ಬೆಂಚಿಗೆ ಅದನ್ನೇ ಹಚ್ಚಿದ್ದೆ. ಎರಡು ದಿನ ಫಳಫಳ ಅಂತು. ಆಮೇಲೆ ಧೂಳೆಲ್ಲಾ ಅಂಟಿತು, ಮಳೆಗಾಲದಲ್ಲಿ ಕಮಟು ವಾಸನೆ ಬೇರೆ. ಅದು ಒಣಗುವ ಎಣ್ಣೆಯೇ ಅಲ್ಲ. ಅಗಸೆ ಎಣ್ಣೆಯಾದರೆ ಗಾಳಿಯ ಆಮ್ಲಜನಕ ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್' ಅಂತ ಕೇಳು. ಬೇಗ ಒಣಗಲಿ ಅಂತ ಅದರಲ್ಲಿ ಲೋಹದ ಅಂಶ ಬೆರೆಸಿರುತ್ತಾರೆ, ಹಾಗಾಗಿ ಚಪಾತಿ ಮಣೆಗೆಲ್ಲ ಹಚ್ಚಬಾರದು.

ಮೊದಲ ಸಲ ಎಣ್ಣೆಗೆ ಅರ್ಧಕ್ಕರ್ಧ ಟರ್ಪೆಂಟೈನ್, ಅಂದರೆ ಎಣ್ಣೆ ತೆಳ್ಳಗೆ ಮಾಡುವ ದ್ರವ, ಬೆರೆಸು, ಎಣ್ಣೆ ಆಳಕ್ಕೆ ಇಳಿಯುತ್ತದೆ. ಹಳೇ ಬನಿಯನ್ ಬಟ್ಟೆಯಲ್ಲಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನೆಲ್ಲ ಒರೆಸಿ ತೆಗೆ. ಎಲ್ಲರೂ ತಪ್ಪುವುದು ಇಲ್ಲೇ. ಜಾಸ್ತಿ ಇದ್ದರೆ ಹೊಳಪು ಜಾಸ್ತಿ ಅಂದುಕೊಂಡು ಹಾಗೇ ಬಿಡುತ್ತಾರೆ. ಅದು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಕೂರುತ್ತದೆ. ಅಂಗೈ ಇಟ್ಟರೆ ಒಣಗಿದಂತಿರಬೇಕು. ಎರಡು ದಿನ ಬಿಟ್ಟು ಮತ್ತೊಂದು ಸಲ, ಆಮೇಲೆ ಇನ್ನೊಂದು ಸಲ. ಮೂರು ಸಾಕು.

ಈಗ ಹೇಳುವುದನ್ನು ಸರಿಯಾಗಿ ಕೇಳು. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ನಿನ್ನದು ಬೆಂಗಳೂರಿನ ಚಿಕ್ಕ ಫ್ಲಾಟು, ನನಗೆ ಅದೇ ಚಿಂತೆ. ಕೆಲಸ ಮುಗಿದ ತಕ್ಷಣ ಬಟ್ಟೆಯನ್ನು ನೀರಿನ ಬಕೆಟಿನಲ್ಲಿ ಮುಳುಗಿಸು. ಇಲ್ಲವೇ ಬಾಲ್ಕನಿಯ ತಂತಿಗೆ ಒಂದೊಂದಾಗಿ ಬಿಡಿಸಿ ಹರವು. ಒಣಗಿ ಗರಿಗರಿಯಾದ ಮೇಲೆ ಎಸೆ.

ಆಮೇಲೆ ದಿನಾ ಒಣಬಟ್ಟೆಯಲ್ಲಿ ಒರೆಸಿದರೆ ಆಯಿತು. ಬಿಸಿ ಕಾಫಿ ಲೋಟದ ಕೆಳಗೆ ಏನಾದರೂ ಇಡು. ನೀರಿನ ಹನಿ ನಿಲ್ಲದೆ ಮರಕ್ಕೆ ಇಂಗತೊಡಗಿದರೆ ಮತ್ತೆ ಒಂದು ಕೈ ಎಣ್ಣೆ ಹಚ್ಚು.

ಶುರು ಮಾಡುವ ಮೊದಲು ಅಡಿಭಾಗದಲ್ಲಿ ಒಂದು ಹನಿ ಹಚ್ಚಿ ನೋಡು. ಮೇಜು ಮಗುಚಿದಾಗ ಎಡಮೂಲೆ ಗಮನಿಸು. ಮಾಡಿದ ಬಡಗಿ ಪೆನ್ಸಿಲಿನಲ್ಲಿ ಬರೆದ ಅಳತೆ ಇನ್ನೂ ಹಾಗೇ ಇದೆ. ಅಲ್ಲಿಗೆ ಕಾಗದ ತಾಗಿಸಬೇಡ.

ನಿನ್ನ ಅಪ್ಪ